ಕಾಗೆಗೆ ಹೆಸರಿಟ್ಟವರು ಯಾರು?

ಚೆನ್ನೈಗೆ ವರ್ಗವಾಗಿ ಬಂದ ಮೊದಲ ವರ್ಷದ ಮಹಾಲಯ ಅಮಾವಾಸ್ಯೆಯಂದು ಸರ್ಕಾರಿ ವಸತಿಗೃಹದ ತಾರಸಿಯ ಮೇಲೆ ಬಾಳೆಲೆಯಲ್ಲಿ ಅನ್ನದ ಉಂಡೆಯಿಟ್ಟುಕೊಂಡು ನಿಂತಿದ್ದೆ. ಊರಿನಲ್ಲಿದ್ದಾಗ ಈ ಕೆಲಸ ಅಪ್ಪನದು. ಈಗ ಅಪ್ಪನ ಹೆಸರಿನಲ್ಲಿಯೇ ನಾನು ಮಾಡಬೇಕಾಗಿತ್ತು. ಅವರು ಕರೆಯುತ್ತಿದ್ದಂತೆಯೇ "ಕಾ, ಕಾ" ಎಂದು ಕರೆದೆ. ಪಕ್ಕದ ಕಟ್ಟಡದ ತಾರಸಿಯಲ್ಲಿ ತಮಿಳಿನ ಹಿರಿಯರೊಬ್ಬರು ಅದೇ ಹೊತ್ತಿಗೆ ತಮ್ಮ ಎಲೆಯ ಮುಂದೆ ನಿಂತು "ಕಾ, ಕಾ" ಎಂದು ಕರೆಯುತ್ತಿದ್ದರು. ನಮ್ಮಿಬ್ಬರ ನಡುವೆ ಅದುವರೆಗೆ ಅಷ್ಟಿಷ್ಟು ಇಂಗ್ಲಿಷಿನ ಹೊರತು ಬೇರೆ ಮಾತಿರಲಿಲ್ಲ. ಆ ದಿನ ಇಬ್ಬರೂ ಒಂದೇ ಪದವನ್ನು ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ಆಡಿದೆವು.

ಜೊತೆಗಿದ್ದ ಮಗಳು ಅಕ್ಷರ ಕಲಿತದ್ದು ದೆಹಲಿಯಲ್ಲಿ. ಅವಳು ಕೇಳಿದಳು: "ಕಾಗೆ 'ಕಾಂವ್ ಕಾಂವ್' ಅನ್ನುತ್ತದೆ ಅಲ್ಲವೆ? ನೀನು 'ಕಾ ಕಾ' ಅಂದರೆ ಅದಕ್ಕೆ ಹೇಗೆ ಗೊತ್ತಾಗುತ್ತದೆ?" ನಾನು ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ಸುಮ್ಮನಾಗಲಿಲ್ಲ. ಒಂದೇ ಹಕ್ಕಿ, ಒಂದೇ ಕೂಗು. ಅಪ್ಪನ ಕಿವಿಗೆ ಒಂದು ಬಗೆ, ಮಗಳ ಕಿವಿಗೆ ಇನ್ನೊಂದು ಬಗೆ. ಹಾಗಾದರೆ ಕಾಗೆಯೆಂಬ ಹೆಸರನ್ನು ಇಟ್ಟವರು ಯಾರು? ನಾವೇ, ಅಥವಾ ಕಾಗೆಯೇ?

ಈ ಪ್ರಶ್ನೆಯ ಮೇಲೆ ನಮ್ಮ ದೇಶದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಜಗಳ ನಡೆದಿದೆ. ವೇದದ ಕಠಿಣ ಪದಗಳ ಪಟ್ಟಿಯಾದ 'ನಿಘಂಟು'ವಿಗೆ ಯಾಸ್ಕ ಬರೆದ ವಿವರಣೆಯೇ 'ನಿರುಕ್ತ'. ಅದರ ಮೂರನೆಯ ಅಧ್ಯಾಯದಲ್ಲಿ ಕಾಗೆಯ ಮಾತು ಬರುತ್ತದೆ. 'ಕಾಕ' ಎಂಬುದು ಶಬ್ದದ ಅನುಕರಣೆ, ಹಕ್ಕಿಗಳ ಹೆಸರುಗಳಲ್ಲಿ ಇಂಥವು ಬಹಳ ಎಂದು ಯಾಸ್ಕ ಹೇಳುತ್ತಾನೆ. ಆ ಕೂಡಲೇ ಔಪಮನ್ಯವನೆಂಬ ಆಚಾರ್ಯನ ವಿರುದ್ಧ ಮತವನ್ನೂ ದಾಖಲಿಸುತ್ತಾನೆ. ಔಪಮನ್ಯವನ ಪ್ರಕಾರ ಶಬ್ದಾನುಕರಣೆಯಿಂದ ಹುಟ್ಟಿದ ಹೆಸರು ಎಂಬುದೇ ಇಲ್ಲ. ಕಾಕವೆಂದರೆ ಓಡಿಸಲ್ಪಡಬೇಕಾದದ್ದು, ಅಟ್ಟಬೇಕಾದ ಹಕ್ಕಿ.

ಮೇಲ್ನೋಟಕ್ಕೆ ಔಪಮನ್ಯವನ ವಾದ ಹಟದಂತೆ ತೋರುತ್ತದೆ. ಆದರೆ ಅವನಿಗೆ ಕಾರಣವಿತ್ತು. ನಾಮಪದಗಳೆಲ್ಲವೂ ಧಾತುಗಳಿಂದ, ಎಂದರೆ ಕ್ರಿಯೆಯಿಂದ ಹುಟ್ಟಿದವು ಎಂಬುದು ಶಾಕಟಾಯನನ ಮತ. ನಿರುಕ್ತಕಾರರು ಹಿಡಿದದ್ದೂ ಅದೇ ದಾರಿ. ಎಲ್ಲ ನಾಮಪದಗಳೂ ಹಾಗಲ್ಲ ಎಂದು ಗಾರ್ಗ್ಯ ವಾದಿಸಿದ್ದ. ಕಾಗೆ 'ಕಾ' ಎಂದು ಕೂಗಿದ್ದರಿಂದಲೇ ಕಾಕವಾಯಿತೆಂದು ಒಪ್ಪಿದರೆ, ಧಾತುವಿನ ಹಂಗಿಲ್ಲದೆ ಪದವೊಂದು ಹುಟ್ಟಬಲ್ಲದೆಂದು ಒಪ್ಪಿದಂತಾಗುತ್ತದೆ. ಇಡೀ ಶಾಸ್ತ್ರದ ತಳಹದಿಗೆ ಒಂದು ಕಾಗೆ ಕೊಕ್ಕು ಹಾಕಿದಂತೆ. ಆದ್ದರಿಂದ ಅದೇ ಸಂದರ್ಭದಲ್ಲಿ 'ತಿತ್ತಿರಿ'ಗೂ ಅದರ ನೆಗೆತದಿಂದ, ಇಲ್ಲವೆ ಎಳ್ಳಿನಷ್ಟು ಚಿಕ್ಕ ಚುಕ್ಕೆಗಳಿಂದ ವ್ಯುತ್ಪತ್ತಿ ಹೇಳಲಾಗಿದೆ. ಬಯಲುಸೀಮೆಯ ಹೊಲದಲ್ಲಿ ಮುಂಜಾನೆ ಆ ಹಕ್ಕಿಯ ಕೂಗನ್ನು ಕೇಳಿದ ಯಾರಿಗಾದರೂ ಎಳ್ಳಿನ ನೆನಪು ಬರಲಾರದು.

ಗ್ರೀಸಿನಲ್ಲಿಯೂ ಇದೇ ಚರ್ಚೆ ನಡೆಯಿತು. ಪ್ಲೇಟೋ ಬರೆದ 'ಕ್ರಾಟಿಲಸ್' ಸಂವಾದದ ವಿಷಯವೇ ಹೆಸರು ಸಹಜವಾದದ್ದೋ, ಜನರ ಒಪ್ಪಂದದ್ದೋ ಎಂಬುದು. ಹೆಸರೆಂದರೆ ಬರಿಯ ಧ್ವನಿಯ ಅನುಕರಣೆಯೆಂದರೆ ಕುರಿಯಂತೆ, ಕೋಳಿಯಂತೆ ಕೂಗುವವರೆಲ್ಲರೂ ಅವಕ್ಕೆ ಹೆಸರಿಟ್ಟವರೆಂದು ಒಪ್ಪಬೇಕಾಗುತ್ತದೆ ಎಂದು ಅಲ್ಲಿ ಸಾಕ್ರಟೀಸ್ ಆಕ್ಷೇಪಿಸುತ್ತಾನೆ. ಕೂಗುವುದು ಬೇರೆ, ಹೆಸರಿಡುವುದು ಬೇರೆ ಎಂಬುದು ಅವನ ನಿಲುವು. ತಾರಸಿಯ ಮೇಲೆ ನಾನು ಮಾಡಿದ್ದು ಈ ಎರಡರಲ್ಲಿ ಯಾವುದು ಎಂದು ಕೇಳಿದರೆ ಉತ್ತರ ಸುಲಭವಲ್ಲ.

ಭಾಷೆಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಯಾಸ್ಕನ ಮಾತಿಗೆ ಸಾಕ್ಷಿ ಹೇರಳವಾಗಿದೆ. ನಮ್ಮ ಕಾಗೆ ತಮಿಳಿನಲ್ಲಿ ಕಾಕ್ಕೈ, ಮಲಯಾಳದಲ್ಲಿ ಕಾಕ್ಕ, ತೆಲುಗಿನಲ್ಲಿ ಕಾಕಿ. ಬಂಗಾಳಿಯಲ್ಲಿ ಕಾಕ್, ಹಿಂದಿಯಲ್ಲಿ ಕೌವಾ, ಮರಾಠಿಯಲ್ಲಿ ಕಾವಳಾ. ದೂರದ ಥಾಯ್ ಭಾಷೆಯಲ್ಲಿ ಅದು ಕಾ, ಜಪಾನಿನಲ್ಲಿ ಕರಾಸು, ಇಂಗ್ಲಿಷಿನಲ್ಲಿ ಕ್ರೋ, ಜರ್ಮನಿನಲ್ಲಿ ಕ್ರೇಯ. ಪ್ರಾಚೀನ ಗ್ರೀಕರ ಕೊರಾಕ್ಸ್ ಮತ್ತು ಲ್ಯಾಟಿನಿನ ಕೊರ್ವುಸ್ ಕಾಗೆಯ ದೊಡ್ಡ ದಾಯಾದಿಯ ಹೆಸರುಗಳು. ಬೆಕ್ಕು ಚೀನೀ ಭಾಷೆಯಲ್ಲಿ ಮಾವ್, ವಿಯೆಟ್ನಾಮಿನಲ್ಲಿ ಮೆಯೋ. ನೈಲ್ ನದಿಯ ದಡದ ಪ್ರಾಚೀನ ಈಜಿಪ್ಟಿನವರಿಗೂ ಅದು 'ಮಿಉ' ಆಗಿತ್ತು. ಬಂಗಾಳದ ಗೋಡೆಯ ಹಲ್ಲಿ ಟಿಕ್‌ಟಿಕಿ. ಇಂಡೋನೇಷ್ಯಾದಲ್ಲಿ ಮನೆಹಲ್ಲಿ ಚಿಚಾಕ್, ದೊಡ್ಡ ಹಲ್ಲಿ ತೊಕೆಕ್. ಇಂಗ್ಲಿಷಿನ ಗೆಕೋ ಮಲಯ ಭಾಷೆಯಿಂದ ಬಂದದ್ದು. ನಾವು ಹಲ್ಲಿಗೆ ಆ ಬಗೆಯ ಹೆಸರಿಡಲಿಲ್ಲ, ಆದರೆ ಅದರ ಸದ್ದಿಗೆ 'ಲೊಚಗುಟ್ಟು' ಎಂಬ ಕ್ರಿಯಾಪದವನ್ನೇ ಕೊಟ್ಟೆವು.

ಇಲ್ಲೊಂದು ಎಚ್ಚರ ಬೇಕು. ಎರಡು ಭಾಷೆಗಳಲ್ಲಿ ಪದಗಳು ಹೋಲುತ್ತವೆಂದರೆ ಸಾಮಾನ್ಯವಾಗಿ ಅವು ಒಂದೇ ಮೂಲದವು, ಇಲ್ಲವೆ ಒಂದು ಇನ್ನೊಂದರಿಂದ ಸಾಲ ಪಡೆದದ್ದು ಎನ್ನುತ್ತೇವೆ. ಕಾಗೆಯ ಮುಂದೆ ಈ ತರ್ಕ ಸೋಲುತ್ತದೆ. ಕನ್ನಡದ ಕಾಗೆಯನ್ನು ಸಂಸ್ಕೃತದ ಕಾಕದಿಂದ ಬಂದದ್ದೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು ಅದನ್ನು ದ್ರಾವಿಡ ಪದಗಳ ಸಾಲಿನಲ್ಲಿಯೇ ಇರಿಸಿದೆ. ಜಪಾನಿಗೂ ಜರ್ಮನಿಗೂ ಸಾಲ ಕೊಟ್ಟವನು ಒಬ್ಬನೇ ಇರಬಹುದು, ಅವನು ಮರದ ಮೇಲೆ ಕುಳಿತಿದ್ದಾನೆ.

ಹಾಗಾದರೆ ಎಲ್ಲ ಭಾಷೆಗಳ ಹೆಸರೂ ಒಂದೇ ಏಕಲ್ಲ? ಉತ್ತರ ಕೊರಳಿನಲ್ಲಿದೆ, ಕಿವಿಯಲ್ಲಿಯೂ ಇದೆ. ಹಕ್ಕಿಗೆ ತುಟಿಯಿಲ್ಲ. ಅದರ ದನಿ ಹುಟ್ಟುವುದು ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿರುವ ಸಿರಿಂಕ್ಸ್ ಎಂಬ ಅಂಗದಲ್ಲಿ. ಅದರಲ್ಲಿ ನಮ್ಮ ಕಕಾರವಾಗಲಿ ರೇಫವಾಗಲಿ ಇಲ್ಲ. ಆ ಕೂಗನ್ನು ನಮ್ಮ ವರ್ಣಮಾಲೆಯ ಅಚ್ಚಿಗೆ ಎರಕ ಹೊಯ್ಯುವವರು ನಾವು. ಮತ್ತು ಪ್ರತಿಯೊಂದು ಭಾಷೆಯ ಅಚ್ಚೂ ಬೇರೆ. ಕರ್ಕಶತೆಯನ್ನು ಹಿಡಿದವರು ರೇಫವನ್ನು ಸೇರಿಸಿದರು, ದೀರ್ಘವನ್ನು ಹಿಡಿದವರು ಆಕಾರವನ್ನು ಎಳೆದರು, ಕೊನೆಯಲ್ಲಿ ಮೂಗಿನ ದನಿಯನ್ನು ಕೇಳಿದವರು ಕಾಂವ್ ಎಂದರು.

ಅಚ್ಚಿನ ಗುರುತು ಎರಕದಲ್ಲಿ ಉಳಿಯುವುದರಿಂದ ಪ್ರಾಣಿಯ ದನಿ ಕೆಲವೊಮ್ಮೆ ಚರಿತ್ರೆಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಕ್ರಿ.ಪೂ. 5ನೆಯ ಶತಮಾನದ ಅಥೆನ್ಸಿನ ಪ್ರಹಸನಕಾರ ಕ್ರಟೈನಸ್ ಕುರಿಯ ಕೂಗನ್ನು ಎರಡು ಅಕ್ಷರಗಳಲ್ಲಿ ಬರೆದಿಟ್ಟಿದ್ದಾನೆ. ಇಂದಿನ ಗ್ರೀಕರು ಆ ಅಕ್ಷರಗಳನ್ನು ಓದಿದರೆ 'ವೀ ವೀ' ಎಂದಾಗುತ್ತದೆ. ಯಾವ ಕುರಿಯೂ ವೀ ಎನ್ನುವುದಿಲ್ಲ. ಪ್ರಾಚೀನ ಗ್ರೀಕರು ಅದನ್ನು 'ಬೇ ಬೇ' ಎಂಬಂತೆಯೇ ಉಚ್ಚರಿಸುತ್ತಿದ್ದರೆಂಬುದಕ್ಕೆ ವಿದ್ವಾಂಸರು ಮುಂದಿಡುವ ಪುರಾವೆಗಳಲ್ಲಿ ಆ ಕುರಿಯದೂ ಒಂದು. ಮನುಷ್ಯರ ಉಚ್ಚಾರ ಬದಲಾಯಿತು, ಕುರಿ ಮಾತ್ರ ತನ್ನ ಮಾತಿಗೆ ಬದ್ಧವಾಗಿ ಉಳಿಯಿತು.

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಕುರಿಯ ಮಾತು ಇನ್ನೂ ದೊಡ್ಡ ಪ್ರಶ್ನೆಯಾಗಿ ಬೆಳೆಯಿತು. ಬರ್ಲಿನ್ ಅಕಾಡೆಮಿಯ ಬಹುಮಾನ ಗಳಿಸಿ 1772ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಜರ್ಮನ್ ಚಿಂತಕ ಹರ್ಡರ್, ಮನುಷ್ಯ ಕುರಿಯನ್ನು ಅದರ ಅರಚುವಿಕೆಯಿಂದ ಗುರುತಿಸಿದ ಕ್ಷಣವನ್ನು ಭಾಷೆಯ ಹುಟ್ಟಿಗೆ ಉದಾಹರಣೆಯಾಗಿ ಕೊಟ್ಟ. ಋಗ್ವೇದವನ್ನು ಸಂಪಾದಿಸಿದ ಮ್ಯಾಕ್ಸ್ ಮುಲ್ಲರ್ 1861ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ಇಂಥ ವಿಚಾರವನ್ನು 'ಬೌ-ವೌ ಸಿದ್ಧಾಂತ' ಎಂದು ಗೇಲಿ ಮಾಡಿದ. ಕಕ್ಕೂ ಮುಂತಾದ ಪದಗಳು ಬೇರಿಲ್ಲದವು, ತಾವು ಅನುಕರಿಸಿದ ಒಂದು ವಸ್ತುವಿನಾಚೆಗೆ ಬೆಳೆಯಲಾರದ ಬಂಜೆ ಪದಗಳು ಎಂಬುದು ಅವನ ತೀರ್ಮಾನ. ನಿರುಕ್ತದ ಪರಂಪರೆಯನ್ನು ಬಲ್ಲ ಈ ಪಂಡಿತ ಯಾಸ್ಕನನ್ನು ಬಿಟ್ಟು ಔಪಮನ್ಯವನ ಪಕ್ಕದಲ್ಲಿ ಬಂದು ನಿಂತಂತಾಯಿತು. ಹಿಂದಿದ್ದ ಕಾರಣ ಕೇವಲ ವ್ಯಾಕರಣದ್ದಲ್ಲ. ಭಾಷೆಯೇ ಮನುಷ್ಯನಿಗೂ ಮೃಗಕ್ಕೂ ನಡುವಿನ ದಾಟಲಾಗದ ಗಡಿಯೆಂದು ಮುಲ್ಲರ್ ನಂಬಿದ್ದ. ಡಾರ್ವಿನ್ 1871ರಲ್ಲಿ ಪ್ರಕಟಿಸಿದ ಮಾನವ ವಿಕಾಸದ ಗ್ರಂಥದಲ್ಲಿ, ನಿಸರ್ಗದ ಹಾಗೂ ಪ್ರಾಣಿಗಳ ಸದ್ದಿನ ಅನುಕರಣೆಗೆ ಭಾಷೆಯ ಮೂಲದಲ್ಲಿ ಸ್ಥಾನ ಕೊಟ್ಟ. ಕಾಗೆಯ ಹೆಸರಿನ ಜಗಳ ಕೊನೆಗೆ ಮನುಷ್ಯನ ವಂಶಾವಳಿಯ ಜಗಳವಾಯಿತು.

ಮುಲ್ಲರನ ಬಂಜೆತನದ ಮಾತನ್ನು ಕನ್ನಡದವರು ಒಪ್ಪಲಾಗದು. ನಮ್ಮಲ್ಲಿ ಸದ್ದು ಎಂದರೆ ಬೀಜ. ಹಾವು ಬುಸುಗುಟ್ಟುತ್ತದೆ, ಸಿಟ್ಟಿಗೆದ್ದ ಮನುಷ್ಯನೂ ಬುಸುಗುಟ್ಟುತ್ತಾನೆ. ಕಪ್ಪೆ ವಟಗುಟ್ಟುತ್ತದೆ, ಬಾಯಿ ಮುಚ್ಚದವನೂ ವಟಗುಟ್ಟುತ್ತಾನೆ. ನಾಯಿ ಗುರುಗುಟ್ಟಿದಂತೆ ಮೇಲಧಿಕಾರಿಯೂ ಗುರುಗುಟ್ಟುತ್ತಾನೆ, ಕೆಳಗಿನವರು ಗುಸುಗುಟ್ಟುತ್ತಾರೆ. ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯವೆಂದು ಓದಿದ ಈ ಪದಗಳಿಂದ ಕ್ರಿಯಾಪದಗಳು ಹುಟ್ಟುತ್ತವೆ, ಕ್ರಿಯಾಪದಗಳಿಂದ ಮನುಷ್ಯ ಸ್ವಭಾವದ ವರ್ಣನೆ ಹುಟ್ಟುತ್ತದೆ. ಸದ್ದೇ ಇಲ್ಲದ ಥಳಥಳ, ಮಿಣಮಿಣಗಳಿಗೂ ನಾವು ಅದೇ ಜೋಡಿಯ ರೂಪವನ್ನು ಕೊಟ್ಟಿದ್ದೇವೆ. ದ್ರಾವಿಡ ಭಾಷೆಗಳೂ ಆರ್ಯ ಭಾಷೆಗಳೂ ಈ ಗುಣವನ್ನು ಹಂಚಿಕೊಂಡಿವೆಯೆಂದು ಎಮೆನೊ 1969ರ ಲೇಖನದಲ್ಲಿ ತೋರಿಸಿ, ಭಾರತವು ಒಂದು ಭಾಷಾಪ್ರದೇಶವೆಂಬ ತಮ್ಮ ವಾದಕ್ಕೆ ಇದನ್ನೂ ಸೇರಿಸಿದರು.

ಆದರೂ ಸದ್ದಿನ ಹೆಸರುಗಳಿಗೆ ಒಂದು ವಿಚಿತ್ರ ಬಾಳು ಇದೆ. ಪದಗಳು ನಾಲಗೆಯ ಮೇಲೆ ಶತಮಾನಗಟ್ಟಲೆ ಉರುಳಿ ಸವೆಯುತ್ತವೆ. ಲ್ಯಾಟಿನ್ನಿನಲ್ಲಿ 'ಪಿಪಿಯೋ' ಎಂದರೆ ಪೀಪೀ ಎನ್ನುವ ಮರಿ. ಅದು ಸವೆದು ಫ್ರೆಂಚರಲ್ಲಿ ಪಿಜೋನ್ ಆಯಿತು, ಇಂಗ್ಲಿಷಿನಲ್ಲಿ ಪಿಜನ್ ಆಯಿತು. ಈಗ ಅದರಲ್ಲಿ ಹಕ್ಕಿಯ ದನಿ ಕೇಳುವುದಿಲ್ಲ. 1916ರಲ್ಲಿ ಪ್ರಕಟವಾದ ಸೊಸ್ಯೂರನ ಉಪನ್ಯಾಸಗಳು ಇದೇ ಪದವನ್ನು ಮುಂದಿಟ್ಟು, ಸದ್ದಿನ ಪದವೂ ಕೊನೆಗೆ ಉಳಿದ ಪದಗಳಂತೆಯೇ ಯಾದೃಚ್ಛಿಕವಾಗುತ್ತದೆಂದು ವಾದಿಸುತ್ತವೆ. ಹಳೆಯ ಇಂಗ್ಲಿಷಿನಲ್ಲಿ ಕಕ್ಕೂ ಹಕ್ಕಿಗೆ ಹೆಚ್ಚುಕಡಿಮೆ 'ಯೇಅಕ್' ಎಂದು ಉಚ್ಚರಿಸುವ ಹೆಸರಿತ್ತು. ಸವೆದು ಸವೆದು ಹಕ್ಕಿಯ ಕೂಗಿಗೂ ಹೆಸರಿಗೂ ಸಂಬಂಧವಿಲ್ಲದಂತಾಗಿತ್ತು. ಹದಿಮೂರನೆಯ ಶತಮಾನದ ಹೊತ್ತಿಗೆ ಫ್ರೆಂಚರ 'ಕುಕು' ಬಂದು ಅದರ ಜಾಗ ಹಿಡಿಯಿತು. ಹೊಸ ಹೆಸರನ್ನು ಪ್ರತಿ ವಸಂತದಲ್ಲೂ ಹಕ್ಕಿಯೇ ತಿದ್ದಿ ಕೊಡುತ್ತಿತ್ತು.

ಕನ್ನಡದಲ್ಲಿಯೂ ಇದನ್ನು ಕಾಣಬಹುದು. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು: ಪುಲಿ ಹುಲಿಯಾಯಿತು, ಪಾವು ಹಾವಾಯಿತು, ಪಂದಿ ಹಂದಿಯಾಯಿತು, ಪಕ್ಕಿ ಹಕ್ಕಿಯಾಯಿತು. ಆದರೆ ಆ ಹಕ್ಕಿ ರೆಕ್ಕೆ ಬಡಿಯುವ 'ಪಟಪಟ' ಮಾತ್ರ ಹಟಹಟವಾಗಲಿಲ್ಲ, 'ಪಿಸುಪಿಸು' ಹಿಸುಹಿಸುವಾಗಲಿಲ್ಲ. ಹೊರಗಿನ ಸದ್ದು ಕೇಳಿಸುತ್ತಿರುವವರೆಗೂ ಪದ ಸವೆಯಲು ಕಿವಿ ಬಿಡುವುದಿಲ್ಲ.

ಇಷ್ಟನ್ನು ಕೇಳಿದರೆ ಗೆದ್ದವನು ಯಾಸ್ಕನೇ ಎನಿಸುತ್ತದೆ. ನನಗೂ ಬಹುಕಾಲ ಹಾಗೆಯೇ ಅನಿಸಿತ್ತು. ಔಪಮನ್ಯವನಲ್ಲಿಯೂ ನ್ಯಾಯವಿದೆಯೆಂದು ತಿಳಿಸಿಕೊಟ್ಟದ್ದು ನನ್ನ ವರ್ಗಾವಣೆಗಳು. ಪುಣೆಯಲ್ಲಿದ್ದಾಗ ಮಳೆಗಾಲಕ್ಕೆ ಮುನ್ನ ಒಂದು ಹಕ್ಕಿ ಮೂರು ಸ್ವರಗಳ ಕೂಗನ್ನು ಏರಿಸುತ್ತ ಏರಿಸುತ್ತ ಹುಚ್ಚು ಹಿಡಿದಂತೆ ಕೂಗುತ್ತಿತ್ತು. ಮನೆಯ ಮಾಲೀಕರು ಅದನ್ನು 'ಪಾವಶಾ' ಎಂದರು. ಪಾವುಸ್ ಎಂದರೆ ಮಳೆ. ಅದು 'ಪೇರ್ತೇ ವ್ಹಾ', ಅಂದರೆ 'ಬಿತ್ತಲು ಹೊರಡಿ' ಎನ್ನುತ್ತದಂತೆ. ದೆಹಲಿಯಲ್ಲಿ ಅದೇ ಹಕ್ಕಿ ಪಪೀಹಾ. 'ಪೀ ಕಹಾಂ', ನನ್ನ ನಲ್ಲ ಎಲ್ಲಿ ಎಂದು ಹಲುಬುತ್ತದೆ. ಕಲ್ಕತ್ತೆಯ ಸಹೋದ್ಯೋಗಿಗೆ ಅದು 'ಚೋಖ್ ಗೇಲೋ', ನನ್ನ ಕಣ್ಣು ಹೋಯಿತು ಎಂದು ಅಳುವ ಹಕ್ಕಿ. ಬಿಸಿಲಿಗೆ ಬೆಂದ ಇಂಗ್ಲಿಷರಿಗೆ ಅದು 'ಬ್ರೇನ್ ಫೀವರ್', ಮಿದುಳಿನ ಜ್ವರ. ಒಂದೇ ಹಕ್ಕಿ, ಮೂರು ಸ್ವರ. ರೈತನಿಗೆ ಬಿತ್ತನೆ, ವಿರಹಿಗೆ ನಲ್ಲ, ಪರದೇಶಿಗೆ ಜ್ವರ. ಸದ್ದು ಹಕ್ಕಿಯದು, ಅರ್ಥ ಕೇಳುವವನ ಬದುಕಿನದು.

ಟಿಟ್ಟಿಭವನ್ನು ನೋಡಿ. ಸಂಸ್ಕೃತದ ಈ ಹೆಸರು, ಹಿಂದಿಯ ಟಿಟಹರಿ, ಮರಾಠಿಯ ಟಿಟವಿ ಎಲ್ಲವೂ ಅದರ ಕೂಗನ್ನೇ ಹಿಡಿದಿವೆ. ಇಂಗ್ಲಿಷರು ಅದರಲ್ಲಿ 'ಡಿಡ್ ಹೀ ಡೂ ಇಟ್' ಎಂಬ ವಿಚಾರಣೆಯನ್ನು ಕೇಳಿದರು. ತಮಿಳರು ಮಾತ್ರ ಅದನ್ನು 'ಆಳ್‌ಕಾಟ್ಟಿ' ಎಂದರು: ಮನುಷ್ಯ ಬಂದುದನ್ನು ತೋರಿಸಿಕೊಡುವ ಹಕ್ಕಿ. ಇದು ಔಪಮನ್ಯವನ ಬಗೆಯ ಹೆಸರು. ಗೂಬೆಯ ಹೆಸರು ಅದರ ದನಿಯಿಂದ ಬಂದದ್ದೆಂಬುದರಲ್ಲಿ ಅನುಮಾನವಿಲ್ಲ. ತಮಿಳಿನ ಕೂಗೈ, ಸಂಸ್ಕೃತದ ಘೂಕ, ಮರಾಠಿಯ ಘುಬಡ್ ಅದರ ನೆಂಟರು. ಆದರೆ 'ಗೂಬೆ' ಎಂದು ಬೈಯುವಾಗ, ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಯ ಮೇಲೆ 'ಗೂಬೆ ಕೂರಿಸುವಾಗ' ದನಿ ಮರೆತು ತೀರ್ಪು ಮಾತ್ರ ಉಳಿದಿರುತ್ತದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಹಾಗೂ ಸ್ಕಾಟ್ಲೆಂಡಿನಲ್ಲಿ ಕಕ್ಕೂವಿನ ಹಳೆಯ ಹೆಸರಿನ ದಾಯಾದಿಯಾದ 'ಗೌಕ್' ಎಂಬುದಕ್ಕೆ ಪೆದ್ದ ಎಂಬ ಅರ್ಥವೂ ಉಂಟು.

ಪ್ರಾಣಿ ಅಪಾಯದ್ದಾದರೆ ಅದರ ದನಿಯನ್ನು ಹೆಸರಾಗಿಸುವ ಧೈರ್ಯವೂ ಕಡಿಮೆಯೇನೋ. ರಷ್ಯನ್ನರು ಕರಡಿಯನ್ನು ಜೇನು ತಿನ್ನುವವನು ಎಂಬ ಅರ್ಥದ ಮರೆಮಾತಿನಿಂದ ಕರೆಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವಿನ ಹೆಸರೆತ್ತದೆ 'ಹುಳ' ಎನ್ನುವವರಿದ್ದಾರೆ. ಹೆಸರು ಕೂಗಿದರೆ ಬಂದುಬಿಡುತ್ತದೆಂಬ ಭಯ. ಹಕ್ಕಿಯ ಬಗೆಗೆ ಆ ಭಯವಿಲ್ಲ. ಅದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬೀಳುತ್ತದೆ, ಒಂದೇ ಮಾತನ್ನು ನೂರು ಸಲ ಹೇಳುತ್ತದೆ. ಇಂಥ ಹೆಸರುಗಳು ಹಕ್ಕಿಗಳಲ್ಲಿಯೇ ಬಹಳವೆಂದು ಯಾಸ್ಕ ಕಂಡದ್ದಕ್ಕೆ ಇದು ಕಾರಣವಿರಬೇಕು.

ಕೇಳಿಸುವ ಹಕ್ಕಿಯೇ ಇಲ್ಲವಾದರೆ? ನ್ಯೂಜಿಲೆಂಡಿನ ಮಾವೋರಿ ಜನ 'ಹುಯಿಯ' ಎಂದು ಕರೆಯುತ್ತಿದ್ದ ಒಂದು ಕಪ್ಪು ಹಕ್ಕಿಯಿತ್ತು. ಹೆಸರು ಅದರ ಸಿಳ್ಳಿನದೇ ಅನುಕರಣೆ. ಬಾಲದ ತುದಿ ಬಿಳಿಯಾಗಿದ್ದ ಅದರ ಗರಿ ಮಾವೋರಿ ಮುಖ್ಯಸ್ಥರ ಮುಡಿಯ ಗೌರವವಾಗಿತ್ತು. 1901ರಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ರಾಜಕುಮಾರ ತನ್ನ ಟೋಪಿಯಲ್ಲಿ ಆ ಗರಿಯನ್ನು ಧರಿಸಿದ ಮೇಲೆ ಅದು ಫ್ಯಾಷನ್ನೂ ಆಯಿತು. ಕಾಡು ಕಡಿದದ್ದು, ಹೊರಗಿನಿಂದ ಬಂದ ಪ್ರಾಣಿಗಳು ಮತ್ತು ಬೇಟೆ ಒಟ್ಟುಗೂಡಿ, 1907ರ ಅನಂತರ ಅದನ್ನು ಕಂಡ ಖಚಿತ ದಾಖಲೆಯಿಲ್ಲ. ಆ ಹಕ್ಕಿಯ ದನಿಯ ಧ್ವನಿಮುದ್ರಣವೂ ಇಲ್ಲ. ಉಳಿದಿರುವುದು, ಹಿಂದೆ ಅದನ್ನು ಸಿಳ್ಳುಹಾಕಿ ಕರೆಯುತ್ತಿದ್ದ ಮಾವೋರಿ ಹಿರಿಯರೊಬ್ಬರು ದಶಕಗಳ ಮೇಲೆ ಮಾಡಿ ತೋರಿಸಿದ ಅನುಕರಣೆಯ ಮುದ್ರಣ ಮತ್ತು ಆ ಹೆಸರು. ಆ ಹೆಸರನ್ನು ತಿದ್ದಿ ಕೊಡಲು ಇನ್ನು ಯಾವ ವಸಂತದಲ್ಲಿಯೂ ಯಾರೂ ಬರುವುದಿಲ್ಲ.

ನಮ್ಮ ಕಾಗೆಗೆ ಇನ್ನೂ ಆ ಗತಿ ಬಂದಿಲ್ಲ. ಔಪಮನ್ಯವ ಅಟ್ಟಬೇಕೆಂದ ಅದೇ ಹಕ್ಕಿಯನ್ನು ವರ್ಷಕ್ಕೊಮ್ಮೆಯಾದರೂ ನಾವು ಎಲೆಯ ಮುಂದೆ ನಿಂತು ಕರೆಯುತ್ತೇವೆ. ಬಾರದಿದ್ದರೆ ಹಿರಿಯರಿಗೆ ಏನೋ ಅಸಮಾಧಾನವೆಂದು ಕಳವಳಪಡುತ್ತೇವೆ. ಅಟ್ಟುವಾಗ ಅದು ನಮ್ಮ ತೀರ್ಪಿನ ಹೆಸರು. ಕರೆಯುವಾಗ ಅದರ ದನಿಯ ಹೆಸರು. ಇಬ್ಬರು ಆಚಾರ್ಯರಿಗೂ ಒಂದೇ ಪದದಲ್ಲಿ ಜಾಗವಿದೆ.

ಕಳೆದ ವರ್ಷದ ಅಮಾವಾಸ್ಯೆಗೆ ಮಗಳು ತಾನೇ ಎಲೆ ಹಿಡಿದು ತಾರಸಿಗೆ ಬಂದಳು. ಮೊದಲು "ಕಾಂವ್, ಕಾಂವ್" ಎಂದಳು. ನಾನು ತಿದ್ದಲಿಲ್ಲ. ಆಮೇಲೆ ಪಕ್ಕದ ತಾರಸಿಯ ಹಿರಿಯರ ಕರೆಯನ್ನು ಕೇಳಿ, ನನ್ನ ಮುಖ ನೋಡಿ, "ಕಾ, ಕಾ" ಎಂದಳು. ನೀರಿನ ತೊಟ್ಟಿಯ ಮೇಲೆ ಕುಳಿತಿದ್ದ ಕಾಗೆ ಕತ್ತು ಓರೆ ಮಾಡಿ ಮೂವರನ್ನೂ ನೋಡಿತು. ಯಾರ ಕರೆಗೆ ಇಳಿಯಿತೋ ತಿಳಿಯದು, ಆದರೆ ಇಳಿದು ಬಂದು ನಮ್ಮ ಎಲೆಗೇ ಕೊಕ್ಕು ಹಾಕಿತು.